ಡಿಸ್‌ಪ್ಲೇದಾಗ ತೂಕ ಐತಿ, ಚೀಟಿ ಬರವಲ್ದು

ಮುಧೋಳ ಕಡೆ ಗಾಡಿ ತೂಗೋ ಒಂದು ಕಾಟಾಕ್ಕ ನಾ ಪೈಥಾನ್‌ದಾಗ ಬರದಿದ್ದ ಪ್ರೋಗ್ರಾಮ್ ಎರಡು ಹಂಗಾಮು ಚಲೋ ನಡದಿತ್ತು, ಕಬ್ಬಿನ ಟ್ರ್ಯಾಕ್ಟರ್ ಬಂದು ನಿಂತ್ರ ಇಂಡಿಕೇಟರ್‌ನಿಂದ (ತೂಕ ತೋರ್ಸೋ ಡಬ್ಬಿ) ಆರ್‌ಎಸ್-232 ಅನ್ನೋ ಸೀರಿಯಲ್ ಕೇಬಲ್ ಮ್ಯಾಲ ತೂಕ ಕಂಪ್ಯೂಟರಿಗೆ ಬಂದು ಚೀಟಿ ಪ್ರಿಂಟ್ ಆಗ್ತಿತ್ತು. ಹಳೇ ಇಂಡಿಕೇಟರ್ ಕೆಟ್ಟು ಹೊಸಾದು ಕೂಡ್ಸಿದ ದಿನಾನ ಪ್ರೋಗ್ರಾಮ್ ಹ್ಯಾಂಗ್. ಹೊರಗ ಗಾಡಿ ಸಾಲು ಹಚ್ಚಿದ್ವು. ಒಬ್ಬ ಡ್ರೈವರ್ ಕಿಡಕ್ಯಾಗ ಬಗ್ಗಿ, "ಸಾಹೇಬ್ರ, ಡಿಸ್‌ಪ್ಲೇದಾಗ ತೂಕ ಕಾಣಾಕತ್ತೈತ್ರಿ, ಚೀಟಿ ಯಾಕ ಬರವಲ್ದ್ರಿ?" ಅಂದ.

ಬಾಡ್ ರೇಟ್, ಅಂದ್ರ ಡೇಟಾ ಕಳಿಸೋ ವೇಗ, 9600, ಸರಿ ಇತ್ತು. ಆ ಕೇಬಲ್ ಕಂಪ್ಯೂಟರಿಗೆ ಕೂಡ್ಸೋ ಯುಎಸ್‌ಬಿ ಕನ್ವರ್ಟರ್ ಮ್ಯಾಲ ಡೌಟ್ ಬಂದು ಕೇಬಲ್ ತಗದು ಕನ್ವರ್ಟರಿನ 2 ಮತ್ತ 3ನೇ ಪಿನ್ (ಒಂದು ಕಳಸೋದು, ಒಂದು ತಗೋಳೋದು) ವೈರಿನಿಂದ ಕೂಡ್ಸಿ ನೋಡಿದೆ, ಕಳಿಸಿದ್ದು ಹಂಗ ವಾಪಸ್ ಬಂತು, ಅಂದ್ರ ಕನ್ವರ್ಟರ್ ಸರಿ ಐತಿ. ಸಿಪಿಯು ಎಷ್ಟು ದುಡ್ಯಾಕತ್ತೈತಿ ಅಂತ ತೋರ್ಸೋ ಟಾಪ್ ಕಮಾಂಡ್‌ದಾಗ ನೋಡಿದ್ರ ಸಿಪಿಯು ಹೆಚ್ಚುಕಡಿಮಿ ಸೊನ್ನೆ, ಅಂದ್ರ ಸುಮ್ನ ಸುತ್ತಾಕತ್ತಿಲ್ಲ, ಏನೋ ಬರ್ಲಿ ಅಂತ ಕಾಯಾಕತ್ತೈತಿ. ಏನಕ್ಕ ಕಾಯಾಕತ್ತೈತಿ ಅಂತ, ಪ್ರೋಗ್ರಾಮ್ ಸಿಸ್ಟಮ್ಮಿಗೆ ಏನೇನು ಕೇಳ್ತದ ಅಂತ ತೋರ್ಸೋ ಎಸ್‌ಟ್ರೇಸ್ ಹಚ್ಚಿದೆ, ಅಲ್ಲೇ ಗುಟ್ಟು ಸಿಕ್ತು: ಸೆಲೆಕ್ಟ್ (ಕಾಯೋದು), ರೀಡ್ (ಓದೋದು), ಸೆಲೆಕ್ಟ್, ರೀಡ್, ಒಂದೊಂದ ಬೈಟ್ ಬರಾಕತ್ತಾವ! ಮೊದ್ಲು ಎಸ್‌ಟಿಎಕ್ಸ್ (ಇಲ್ಲಿಂದ ಶುರು ಅನ್ನೋ ಗುರ್ತು), ಆಮ್ಯಾಲ 0, 1, 8, 5, 4, 0, ಆಮ್ಯಾಲ ಕ್ಯಾರೇಜ್ ರಿಟರ್ನ್ (ಸಾಲಿನ ಕಡೀಗೆ ಬರೋ ಗುರ್ತು), ಮತ್ತ ಮೊದಲಿಂದ. ಅದರ ಹಿಂದ ಬರಬೇಕಾದ ಹೊಸ ಸಾಲಿನ ಗುರ್ತು, ಲೈನ್ ಫೀಡ್, ಎಲ್ಲೂ ಇಲ್ಲ. ಹಳೇ ಇಂಡಿಕೇಟರ್ ಎರಡೂ ಕಳಸ್ತಿತ್ತು, ಹೊಸಾದು ಒಂದ ಕಳಸ್ತೈತಿ. ನಾ ಬಳಸಿದ್ದು ಒಂದು ಸಾಲು ಪೂರ್ತಿ ಓದೋ ರೀಡ್‌ಲೈನ್, ಅದಕ್ಕ ಲೈನ್ ಫೀಡ್ ಬೇಕ ಬೇಕು, ಪೈಥಾನ್‌ದಾಗ ಸೀರಿಯಲ್ ಕೇಬಲ್ ಓದೋ ಲೈಬ್ರರಿ ಪೈಸೀರಿಯಲ್‌ದಾಗ ಟೈಮೌಟ್ (ಎಷ್ಟ್ ಹೊತ್ತು ಕಾಯಬೇಕು ಅನ್ನೋ ಮಿತಿ) ಕೊಡದಿದ್ರ ಎಷ್ಟ್ ಹೊತ್ತಾದ್ರೂ ಕಾಯ್ತದ.

ರೀಡ್‌ಲೈನ್ ತಗದು ಕ್ಯಾರೇಜ್ ರಿಟರ್ನ್ ತನಕ ಓದು ಅಂತ ರೀಡ್‌ಅಂಟಿಲ್ ಹಾಕಿ ಟೈಮೌಟ್ 1 ಸೆಕೆಂಡ್ ಕೊಟ್ಟೆ. ಇಷ್ಟಕ್ಕ ಬಿಡಬ್ಯಾಡ್ರಿ. ಟೈಮೌಟ್ ಆದಾಗ ಅದು ಎರರ್ ಕೊಡಂಗಿಲ್ಲ, ಅಲ್ಲೀತನಕ ಬಂದಷ್ಟ ಬೈಟ್ ಕೈಯಾಗ ಕೊಡ್ತದ, 18540 ಇದ್ದದ್ದು 1854 ಆಗಿ ಚೀಟಿಗೆ ಹೋದ್ರ ರೈತನ ವರ್ಷದ ದುಡಿಮಿ ಹೋತು. ಅದಕ್ಕ ಮೊದಲ ಬೈಟ್ ಎಸ್‌ಟಿಎಕ್ಸ್, ಕಡೀದು ಕ್ಯಾರೇಜ್ ರಿಟರ್ನ್, ಒಟ್ಟು 8 ಬೈಟ್, ಮೂರೂ ಕೂಡಿದ್ರ ಮಾತ್ರ ತೂಕ ಅಂತ ತಗೋಳೋದು, ಇಲ್ಲಂದ್ರ ಬಿಟ್ಟು ಮುಂದಿಂದು ಓದೋದು. ಇನ್ನೊಂದು, ಇಂಡಿಕೇಟರ್ ಸತತ ಕಳಸ್ತನ ಇರ್ತದ, ಹಿಂಗಾಗಿ ಬಫರ್‌ದಾಗ (ಬಂದ ಬೈಟ್ ಓದೋತನಕ ಕೂಡೋ ಜಾಗ) ಹಿಂದಿನ ಗಾಡಿ ತೂಕ ಕುಂತಿರ್ತದ, ಪ್ರತಿ ಸಲ ಓದೋಕಿಂತ ಮೊದ್ಲು ಅದನ್ನ ಖಾಲಿ ಮಾಡಾಕ ಹಚ್ಚಿದೆ.

ಆ ಡ್ರೈವರ್ ಗಾಡೀನ ಮೊದ್ಲು ತೂಗಿದ್ವಿ, 18,540 ಕಿಲೋ, ಡಿಸ್‌ಪ್ಲೇ ಮತ್ತ ಚೀಟಿ ಎರಡೂ ಒಂದ. ಈಗ ಮೂರು ಸಲ ಟೈಮೌಟ್ ಆದ್ರ ಸ್ಕ್ರೀನ್ ಮ್ಯಾಲ "ಇಂಡಿಕೇಟರ್‌ನಿಂದ ತೂಕ ಬರವಲ್ದು, ಕೇಬಲ್ ನೋಡ್ರಿ" ಅಂತ ದೊಡ್ಡದಾಗಿ ಬರ್ತೈತಿ.