ವಿಮಾನ ಎಷ್ಟು ದೂರ, ಎಷ್ಟು ಹೊತ್ತು? ಮನೆಯಲ್ಲೇ ಲೆಕ್ಕ ಹಾಕಿ

ಕಾರವಾರದ ನಮಗೆ ಗೋವಾ ವಿಮಾನ ಅಂದರೆ ದಾಬೋಲಿಂ ನಿಲ್ದಾಣ. ಅದೇ ಗುಂಗಿನಲ್ಲಿ ಕಳೆದ ವರ್ಷ ಭಾವನನ್ನು ಮುಂಬೈ ವಿಮಾನಕ್ಕೆ ಬಿಡಲು ಹೋಗಿದ್ದೆ. ಗೇಟಿನಲ್ಲಿದ್ದವರು ಟಿಕೆಟ್ ನೋಡಿ, ‘ಇದು ಮೋಪಾದ್ದು’ ಅಂದರು, ಅಂದರೆ ಗೋವಾದ ಇನ್ನೊಂದು ನಿಲ್ದಾಣದ್ದು. ಅದರಲ್ಲಿ ಜಿಒಎಕ್ಸ್ ಅಂತಿತ್ತು, ನಾನು ಜಿಒಐ ಅಂತ ಓದಿಕೊಂಡಿದ್ದೆ. ವಿಮಾನ ತಪ್ಪಿತು, ಭಾವ ಮಡಗಾಂವಿಗೆ ಬಂದು ರೈಲು ಹತ್ತಿದರು. ಅಕ್ಕ ಈಗಲೂ ಆಡಿಕೊಳ್ಳುತ್ತಾಳೆ.

ಹಾಗಾಗಿ ಮೊದಲು ಟಿಕೆಟ್‌ನಲ್ಲಿ ನಿಲ್ದಾಣದ ಮೂರಕ್ಷರದ ಕೋಡ್ ನೋಡಿ. 2023ರ ಜನವರಿಯಲ್ಲಿ ಶುರುವಾದ ಮೋಪಾ ಇರುವುದು ಗೋವಾದ ಉತ್ತರ ತುದಿಯಲ್ಲಿ, ನಾವು ಇಡೀ ಗೋವಾ ದಾಟಬೇಕು. ಹುಬ್ಬಳ್ಳಿಗೆ ಎಚ್‌ಬಿಎಕ್ಸ್, ಮಂಗಳೂರಿಗೆ ಐಎಕ್ಸ್‌ಇ.

ಇನ್ನು ದೂರ. ಕಂಪ್ಯೂಟರಿನಲ್ಲಿ ಗೂಗಲ್ ಮ್ಯಾಪ್ ತೆರೆದು, ಹೊರಡುವ ನಿಲ್ದಾಣದ ಮೇಲೆ ಮೌಸಿನ ಬಲಗುಂಡಿ ಒತ್ತಿ, ದೂರ ಅಳೆಯುವ ಆಯ್ಕೆ ಹಿಡಿದು, ಇಳಿಯುವ ನಿಲ್ದಾಣದ ಮೇಲೆ ಕ್ಲಿಕ್ ಮಾಡಿದರೆ ಆಯ್ತು. ದಾಬೋಲಿಂ–ಮುಂಬೈ ಸುಮಾರು 425 ಕಿ.ಮೀ., ಹುಬ್ಬಳ್ಳಿ–ಬೆಂಗಳೂರು 370, ಮಂಗಳೂರು–ದುಬೈ 2,460. ದೂರದ ಊರಾದರೆ ಗೆರೆ ಬಿಲ್ಲಿನಂತೆ ಬಾಗುತ್ತದೆ. ಅದು ತಪ್ಪಲ್ಲ. ಭೂಮಿ ಗುಂಡಗಿದೆ, ನಕ್ಷೆ ಚಪ್ಪಟೆ, ಅಷ್ಟೇ. ಎಲ್ಲಾದರೂ ದೂರವನ್ನು ನಾಟಿಕಲ್ ಮೈಲಿಯಲ್ಲಿ ಕೊಟ್ಟಿದ್ದರೆ 1.852ರಿಂದ ಗುಣಿಸಿ, ಕಿ.ಮೀ. ಸಿಗುತ್ತದೆ.

ಇನ್ನು ಹಾರಾಟದ ಹೊತ್ತು. ಕಿ.ಮೀ. ದೂರವನ್ನು 800ರಿಂದ ಭಾಗಿಸಿ, ಅರ್ಧ ಗಂಟೆ ಸೇರಿಸಿ. ಜೆಟ್ ವಿಮಾನ ಮೇಲೆ ಹೋದ ಮೇಲೆ ಗಂಟೆಗೆ ಅಷ್ಟು ಓಡುತ್ತದೆ, ಆದರೆ ರನ್‌ವೇಗೆ ಹೋಗಲು, ಏರಲು, ಇಳಿಯಲು ಹೊತ್ತು ಬೇಕಲ್ವಾ? ರೆಕ್ಕೆಯ ಮೇಲೆ ಫ್ಯಾನ್ ತಿರುಗುವ ಚಿಕ್ಕ ಎಟಿಆರ್ ವಿಮಾನ ಆದರೆ 500ರಿಂದ ಭಾಗಿಸಿ. ಮಂಗಳೂರಿನಿಂದ ದುಬೈಗೆ ಜೆಟ್‌ನಲ್ಲಿ ಮೂರೂವರೆ ಗಂಟೆ ಬರುತ್ತದೆ. ಚಳಿಗಾಲದಲ್ಲಿ ಮೇಲಿನ ಗಾಳಿ ಪಶ್ಚಿಮದಿಂದ ಜೋರಾಗಿ ಬೀಸುವುದರಿಂದ, ಅಲ್ಲಿಂದ ವಾಪಸ್ ಬರುವಾಗ ಸ್ವಲ್ಪ ಬೇಗ ಮುಟ್ಟುತ್ತೀರಿ.

ಜಾಸ್ತಿ ಜನ ಎಡವುವುದು ಗಡಿಯಾರದಲ್ಲಿ. ಭಟ್ಕಳದಲ್ಲಿ ಮನೆಗೊಬ್ಬರು ದುಬೈಯಲ್ಲಿದ್ದಾರೋ ಅನ್ನುವಂತಿದೆ, ಅವರಿಗೆ ಇದು ಬಾಯಿಪಾಠ. ಟಿಕೆಟ್‌ನಲ್ಲಿ ಬರೆಯುವುದು ಆಯಾ ಊರಿನ ಸಮಯ. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ. ಬೆಳಿಗ್ಗೆ 9.30ಕ್ಕೆ ಹೊರಟು 11.30ಕ್ಕೆ ಇಳಿದರೆ ಎರಡೇ ಗಂಟೆ ಅನ್ನಿಸುತ್ತದೆ, ಕೂತಿದ್ದು ಮೂರೂವರೆ. ಬರುವಾಗ ಉಲ್ಟಾ: ರಾತ್ರಿ 12.30ಕ್ಕೆ ಹತ್ತಿದವರು ಇಲ್ಲಿ 5.30ಕ್ಕೆ ಇಳಿಯುತ್ತಾರೆ. ಟಿಕೆಟ್‌ನ ಎರಡು ಸಮಯಗಳ ನಡುವಿನ ಅಂತರಕ್ಕೆ ಹೋಗುವಾಗ ಒಂದೂವರೆ ಗಂಟೆ ಕೂಡಿಸಿ, ಬರುವಾಗ ಕಳೆಯಿರಿ.

ಕೊನೆಗೆ ಮನೆ ಬಾಗಿಲಿನಿಂದ ಎಣಿಸಿ. ಶಿರಸಿಯಿಂದ ಹುಬ್ಬಳ್ಳಿ ನಿಲ್ದಾಣಕ್ಕೆ ಎರಡೂವರೆ ಗಂಟೆ, ಅಲ್ಲಿ ಕಾಯಲು ಎರಡು, ಹಾರಾಟ ಒಂದೂಕಾಲು, ಬೆಂಗಳೂರಿನಲ್ಲಿ ಇಳಿದು ಮನೆ ಸೇರಲು ಟ್ರಾಫಿಕ್ ನೋಡಿಕೊಂಡು ಇನ್ನೊಂದೂವರೆ. ಏಳು ಗಂಟೆ ದಾಟಿತು. ನಾನಾದರೆ ರಾತ್ರಿ ಬಸ್ಸಿಗೆ ಹೋಗುತ್ತೇನೆ, ನಿದ್ದೆಯಾದರೂ ಆಗುತ್ತದೆ.