ಕೊರಾಪುಟ್‌ನಿಂದ ಬೆಳಗಾವಿಗೆ: ಭಾಷಾವಿಜ್ಞಾನಿಯೊಬ್ಬನ ಆಡಳಿತದ ದಾರಿ

ಒಡಿಯಾ ಮಾತೃಭಾಷೆಯ ಭಾಷಾವಿಜ್ಞಾನಿಗೆ ಬೆಳಗಾವಿಯಲ್ಲಿ ವಿಶ್ವವಿದ್ಯಾಲಯದ ಆಡಳಿತ ಒಲಿಯದು ಎಂದಿದ್ದವರೇ ಈಗ ತಮ್ಮ ಶಿಷ್ಯರನ್ನು ಸಲಹೆಗಾಗಿ ನನ್ನ ಬಳಿಗೆ ಕಳುಹಿಸುತ್ತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ. ಒಡಿಶಾದ ಕೊರಾಪುಟ್ ಕಡೆಯ ದ್ರಾವಿಡ ಭಾಷೆಯಾದ ಕುವಿಯ ಕ್ರಿಯಾಪದಗಳ ಮೇಲೆ ಪಿಎಚ್.ಡಿ. ಮುಗಿಸಿ, ಹೋಲಿಕೆಗೆಂದು ಕನ್ನಡ ಕಲಿಯಲು ಬಂದವನು ಇಲ್ಲಿಯೇ ನೆಲೆಸಿದೆ.

ವಿಭಾಗದ ಮುಖ್ಯಸ್ಥನಾದ ಮೇಲೆ ಕಡತದ ಒಂದು ಟಿಪ್ಪಣಿಯನ್ನೂ ಗುಮಾಸ್ತರಿಂದ ಬರೆಸಲಿಲ್ಲ. ಮಂಜೂರಾತಿ, ಅನುದಾನ ಹೇಗೆ ಖರ್ಚಾಯಿತೆಂದು ದೃಢೀಕರಿಸುವ ಬಳಕೆ ಪ್ರಮಾಣಪತ್ರ, ಲೆಕ್ಕಪರಿಶೋಧನೆಯ ಆಕ್ಷೇಪಣೆಗಳ ಕನ್ನಡವನ್ನು ವ್ಯಾಕರಣ ಕಲಿತಷ್ಟೇ ಶ್ರದ್ಧೆಯಿಂದ ಕಲಿತೆ. ಆದರೂ ಮೊದಲ ಯೋಜನಾ ಪ್ರಸ್ತಾವನೆಗಳು ಒಂದರ ಹಿಂದೊಂದು ತಿರಸ್ಕೃತವಾದವು. ಮಂಜೂರಾದ ಒಂದರ ಎರಡನೆಯ ಕಂತು ಅನುದಾನ ಕೊಟ್ಟ ಸಂಸ್ಥೆಯಲ್ಲಿಯೇ ಸಿಕ್ಕಿಕೊಂಡಿತು. ಸಂಶೋಧನಾ ಸಹಾಯಕರ ಸಂಬಳಕ್ಕೆ ಸುಮಾರು ಒಂದೂವರೆ ಲಕ್ಷ ರೂಪಾಯಿ ಕೈಯಿಂದ ಹಾಕಿದೆ, ಅದು ಮರಳಿ ಬರಲು ಎರಡು ವರ್ಷಗಳಷ್ಟು ಹಿಡಿಯಿತು.

ಅದೇ ಯೋಜನೆಯಲ್ಲಿ ಇಳಕಲ್ಲಿನ ಸೀರೆ ನೇಕಾರರ ಮಾತನ್ನು ಸಂಗ್ರಹಿಸಿದೆವು. ನಲವತ್ತು ಸಾವಿರದ ಆಸುಪಾಸಿನ ಧ್ವನಿಮುದ್ರಕದಲ್ಲಿ ಮಗ್ಗದ ಸದ್ದಲ್ಲದೆ ಬೇರೇನೂ ಕೇಳಿಸಲಿಲ್ಲ. ಸಾವಿರ ರೂಪಾಯಿಯ ಕಾಲರ್ ಮೈಕನ್ನು ನೇಕಾರರ ಅಂಗಿಗೆ ಸಿಕ್ಕಿಸಿದಾಗ, ಸೀರೆಯ ಒಡಲಿನ ಹಾಸುನೂಲನ್ನು (ಮಗ್ಗದ ಉದ್ದ ನೂಲು) ಸೆರಗಿನ ಹಾಸುನೂಲಿಗೆ ಸೇರಿಸುವ ಕೊಂಡಿಯ ವಿವರಣೆಯೂ ಟೋಪ ತೆನಿ ಎಂಬ ವಿನ್ಯಾಸದ ಸೆರಗಿನ ಮಾತೂ ಸ್ಪಷ್ಟವಾಗಿ ದೊರೆತವು. ಸುಮಾರು ಒಂಬೈನೂರು ಪದಗಳಾದವು. ಗುಳೇದಗುಡ್ಡದ ಖಣ (ರವಿಕೆ ಬಟ್ಟೆ) ನೇಯುವವರಲ್ಲಿಯೂ ಇದನ್ನೇ ಮಾಡಿದೆವು, ಆ ಪಟ್ಟಿ ಇನ್ನೂ ಅರ್ಧವಾಗಿದೆ. ಲೆಕ್ಕ ಪೈಸೆಯವರೆಗೆ ಹೊಂದಿದ್ದರಿಂದ ಹಣಕಾಸು ಅಧಿಕಾರಿಗಳು ನನ್ನ ಕಡತಗಳನ್ನು ತಡೆಯುವುದನ್ನು ನಿಲ್ಲಿಸಿದರು. ಸಂಶೋಧನಾ ಲೇಖನಗಳಿಗಿಂತ ಈ ನಂಬಿಕೆಯೇ ನನ್ನನ್ನು ಮುಂದೆ ಒಯ್ದಿತೆಂದು ಖಚಿತವಾಗಿ ಹೇಳಬಲ್ಲೆ.

ಕನ್ನಡ, ಮರಾಠಿ ಎರಡೂ ಕಡೆಯವನಲ್ಲದ ಕಾರಣ ಪಠ್ಯಕ್ರಮ ರೂಪಿಸುವ ಅಧ್ಯಯನ ಮಂಡಳಿಯ ವಿವಾದಗಳು ನನ್ನ ಮೇಜಿಗೆ ಬಂದವು. ಅವುಗಳನ್ನು ಬಗೆಹರಿಸಿದ ರೀತಿ ಇಂದಿಗೂ ಉಪಯೋಗದಲ್ಲಿರುವುದರಿಂದ ಇಲ್ಲಿ ಬರೆಯುವುದಿಲ್ಲ. ಮುಂದೆ ಡೀನ್ ಆದೆ. ಕುಲಪತಿ ಹುದ್ದೆ ತೆರವಾದಾಗ ಹಿರಿಯ ಡೀನ್ ಆಗಿ ಹಂಗಾಮಿ ಹೊಣೆ ಬಂದಿತು.

ಪೂರ್ಣಾವಧಿಗೆ ಅರ್ಜಿ ಹಾಕುವವರಿಗೆ 2000ದ ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಅಧಿನಿಯಮ ಗೊತ್ತೇ ಇದೆ: ಶೋಧನಾ ಸಮಿತಿ ಮೂವರ ಹೆಸರನ್ನು ಸೂಚಿಸುತ್ತದೆ, ಕುಲಾಧಿಪತಿಗಳಾದ ರಾಜ್ಯಪಾಲರು ಒಬ್ಬರನ್ನು ನೇಮಿಸುತ್ತಾರೆ. ನನ್ನ ಅರ್ಜಿಯಲ್ಲಿ ಪ್ರಕಟಣೆಗಳ ಪಟ್ಟಿಗಿಂತ ಮೊದಲು, ನಾನು ನಿರ್ವಹಿಸಿದ ಪ್ರತಿ ಅನುದಾನದ ಬಳಕೆ ಪ್ರಮಾಣಪತ್ರವನ್ನು ಲಗತ್ತಿಸಿದ್ದೇನೆ.