ಕುಲಾಂತರಿ ಬೆಳೆ ಪತ್ತೆ: ಬ್ಲಾಸ್ಟ್‌ನ ಮೊದಲ ಸಾಲು ನೋಡಿ ಕುಣಿಯಬೇಡಿ

ಮಂಗಳೂರು, ಉಡುಪಿ ಕಡೆ ಬಯೋಟೆಕ್ ಪ್ರಾಜೆಕ್ಟ್ ಮಾಡುವ ಮಕ್ಕಳಿಗೆ ಮಟ್ಟುಗುಳ್ಳ (ಉಡುಪಿ ಕಡೆಯ ಬದನೆ ತಳಿ) ಕೈಗೆಟುಕುವ ಬೆಳೆ. ಬಿಟಿ ಎಂಬ ಬ್ಯಾಕ್ಟೀರಿಯಾದ ಜೀನ್ ಸೇರಿಸಿದ ಬಿಟಿ ಬದನೆಗೆ ನಮ್ಮ ದೇಶದಲ್ಲಿ 2010ರಿಂದ ತಡೆ ಇದೆ. ಆದರೂ 2019ರಲ್ಲಿ ಹರಿಯಾಣದ ಹೊಲವೊಂದರಲ್ಲಿ ಅದು ಸಿಕ್ಕಿತ್ತು. ಹಾಗಾಗಿ 'ಇದರಲ್ಲಿ ಹೊರಗಿನ ಜೀನ್ ಇದೆಯೇ' ಅಂತ ಹುಡುಕುವುದರಲ್ಲಿ ಅರ್ಥವಿದೆ. ಹೆಚ್ಚಿನವರು ಎಡವುವುದು ಲ್ಯಾಬಿನಲ್ಲಲ್ಲ, ಕಂಪ್ಯೂಟರ್ ಮುಂದೆ, ಬ್ಲಾಸ್ಟ್ (ನಮ್ಮ ಡಿಎನ್‌ಎ ಅಕ್ಷರಗಳನ್ನು ಡೇಟಾಬೇಸಿನ ಜೊತೆ ಹೋಲಿಸುವ ತಂತ್ರಾಂಶ) ಫಲಿತಾಂಶ ಓದುವಾಗ.

1. ಎಲೆಯಿಂದ ಡಿಎನ್‌ಎ ತೆಗೆದು, ಕುಲಾಂತರಿ ಬೆಳೆಗೆ ಸೇರಿಸುವ 35ಎಸ್, ನಾಸ್, ಕ್ರೈ1ಎಸಿ ತುಣುಕುಗಳಿಗೆ ಪಿಸಿಆರ್ (ಬೇಕಾದ ತುಣುಕನ್ನು ನಕಲು ಮಾಡಿ ಹೆಚ್ಚಿಸುವುದು) ಮಾಡಿ, ಜೆಲ್‌ನಲ್ಲಿ ಬ್ಯಾಂಡ್ (ಡಿಎನ್‌ಎ ಗೆರೆ) ಬಂದರೆ ಸೀಕ್ವೆನ್ಸಿಂಗ್‌ಗೆ, ಅಂದರೆ ಅದರ ಅಕ್ಷರ ಓದಿಸಲು ಕಳಿಸಿ. ಜೊತೆಗೆ ಬದನೆಯದೇ ಒಂದು ಜೀನ್‌ಗೂ ಪಿಸಿಆರ್ ಇಡಿ. ಇಲ್ಲದಿದ್ದರೆ ಬ್ಯಾಂಡ್ ಬರದಿದ್ದಾಗ ಕಾರಣವೇ ತಿಳಿಯುವುದಿಲ್ಲ.

2. ಬರೀ ಅಕ್ಷರಗಳ ಟೆಕ್ಸ್ಟ್ ಫೈಲ್ ಕಳಿಸಿ ಕೈ ತೊಳೆದುಕೊಳ್ಳುವ ಕಂಪನಿಗಳಿವೆ. ಯಂತ್ರ ಓದಿದ ಮೂಲ ಗ್ರಾಫ್ ಇರುವ ಎಬಿ1 ಫೈಲನ್ನೇ ಕೇಳಿ ಪಡೆಯಿರಿ. ತೆರೆದು ನೋಡಿದರೆ ಶುರುವಿನ ಮೂವತ್ತು ನಲವತ್ತು ಅಕ್ಷರಗಳ ಹತ್ತಿರ ಬಣ್ಣದ ಗೆರೆಗಳು ಒಂದರ ಮೇಲೊಂದು ಹತ್ತಿ ಕೂತಿರುತ್ತವೆ. ಅಷ್ಟನ್ನೂ ಕತ್ತರಿಸಿ. 35ಎಸ್ ಪ್ರೊಮೋಟರ್‌ಗೆ (ಸೇರಿಸಿದ ಜೀನ್ ಚಾಲೂ ಮಾಡುವ ಸ್ವಿಚ್) ಹೆಚ್ಚಾಗಿ ಬಳಸುವ ತುಣುಕು ಇರುವುದೇ 195 ಅಕ್ಷರ. ಕತ್ತರಿಸಿದರೆ ಉಳಿಯುವುದು ಕಡಿಮೆ. ಅದಕ್ಕೇ ಎರಡೂ ಕಡೆಯಿಂದ ಓದಿಸಿ. ಇಲ್ಲಿ ದುಡ್ಡು ಉಳಿಸಬೇಡಿ.

3. ಈಗ ಎನ್‌ಸಿಬಿಐ (ಅಮೆರಿಕದ ಜೀನ್ ಮಾಹಿತಿ ಕೇಂದ್ರ) ತಾಣದ ಬ್ಲಾಸ್ಟ್. ಅಂಟಿಸಿ ಬಟನ್ ಒತ್ತುವುದು ಸುಲಭ, ಓದುವುದೇ ಕಷ್ಟ. ಹೋಲಿಕೆ 99% ಅಂತ ಕಂಡ ಕೂಡಲೇ 'ಸಿಕ್ಕಿತು' ಅನ್ನುವವರೇ ಜಾಸ್ತಿ. ಪಕ್ಕದ ಕವರೇಜ್ ಕಾಲಂ (ನಿಮ್ಮ ತುಣುಕಿನ ಎಷ್ಟು ಭಾಗ ಹೋಲಿಕೆಗೆ ಸಿಕ್ಕಿತು ಎಂಬುದು) 20% ಇದ್ದರೆ ಆ 99 ಯಾವ ಲೆಕ್ಕಕ್ಕೂ ಇಲ್ಲ. ಎರಡನ್ನೂ ಒಟ್ಟಿಗೆ ನೋಡಿ.

ಎರಡೂ ಚೆನ್ನಾಗಿದ್ದರೂ ನಿಲ್ಲಿ. 35ಎಸ್ ಮೂಲತಃ ಹೂಕೋಸಿನ ಮೊಸಾಯಿಕ್ ವೈರಸ್‌ನದು. ಸಂತೆಯ ಕೋಸು, ಸಾಸಿವೆ ಗಿಡಕ್ಕೆ ಆ ವೈರಸ್ ತಗಲಿದ್ದರೂ ಫಲಿತಾಂಶ ಪಾಸಿಟಿವ್! ಕುಲಾಂತರಿ ಬೆಳೆಗೆ ಹಾಕದ, ವೈರಸ್‌ನಲ್ಲಿ ಮಾತ್ರ ಇರುವ ಜೀನ್‌ಗೆ ಇನ್ನೊಂದು ಪಿಸಿಆರ್ ಮಾಡಿ. ನಾಸ್ ಟರ್ಮಿನೇಟರ್ (ಜೀನ್‌ನ ಕೊನೆ ಗುರುತಿಸುವ ತುಣುಕು) ಮಣ್ಣಿನ ಅಗ್ರೋಬ್ಯಾಕ್ಟೀರಿಯಂ ಎಂಬ ಬ್ಯಾಕ್ಟೀರಿಯಾದಿಂದ ಬಂದದ್ದು, ಅಲ್ಲೂ ಇದೇ ಅನುಮಾನ ಇರಲಿ.

ಬಿಟಿ ಬದನೆಗೆ ಸೇರಿಸಿದ ಕೀಟನಿರೋಧಕ ಜೀನ್ ಕ್ರೈ1ಎಸಿ ಕಥೆ ಬೇರೆ. ರೈತರು ಬಿಟಿ ಬ್ಯಾಕ್ಟೀರಿಯಾವನ್ನೇ ಕೀಟನಾಶಕವಾಗಿ ಸಿಂಪಡಿಸುತ್ತಾರೆ ಅಲ್ವಾ? ಎಲೆ ತೊಳೆಯದಿದ್ದರೆ ಅದರ ಡಿಎನ್‌ಎ ಸಿಗುತ್ತದೆ. ಗಿಡಕ್ಕೆ ಸೇರಿಸುವಾಗ ಈ ಜೀನ್‌ನ ಅಕ್ಷರಗಳನ್ನು ಗಿಡಕ್ಕೆ ಹೊಂದುವಂತೆ ಬದಲಿಸಿರುತ್ತಾರೆ. ಬ್ಯಾಕ್ಟೀರಿಯಾದ ಮೂಲ ಜೀನ್‌ನಲ್ಲಿ ಎ, ಟಿ ಜಾಸ್ತಿ. ಗಿಡದ ರೂಪದಲ್ಲಿ ಜಿ, ಸಿ ಹೆಚ್ಚು. ನಿಮ್ಮ ತುಣುಕು ಮೂಲ ಬ್ಯಾಕ್ಟೀರಿಯಾಕ್ಕೇ ನೂರಕ್ಕೆ ನೂರು ಹೊಂದಿದರೆ ಮೊದಲು ಸ್ಪ್ರೇಯನ್ನು ಅನುಮಾನಿಸಿ.

4. ಗಟ್ಟಿ ಸಾಕ್ಷಿ ಬೇಕಾದರೆ ಹೊರಗಿನ ಡಿಎನ್‌ಎ ಗಿಡದ ಡಿಎನ್‌ಎಗೆ ಸೇರಿಕೊಂಡ ಜಾಗವನ್ನೇ ಓದಬೇಕು. ಹೀಗೆ ಒಂದು ಜಾಗದಲ್ಲಿ ಸೇರಿಕೊಂಡದ್ದಕ್ಕೆ ಈವೆಂಟ್ ಅನ್ನುತ್ತಾರೆ; ಬಿಟಿ ಬದನೆಯಲ್ಲಿ ಅದರ ಹೆಸರು ಇಇ-1. ಬ್ಲಾಸ್ಟ್ ಚಿತ್ರದಲ್ಲಿ ಎರಡು ಪಟ್ಟಿ ಕಾಣಬೇಕು: ಒಂದು ಬದನೆಗೆ, ಇನ್ನೊಂದು ವೆಕ್ಟರ್‌ಗೆ (ಜೀನ್ ಸಾಗಿಸಲು ಬಳಸಿದ ಡಿಎನ್‌ಎ), ಎರಡೂ ನಡುವೆ ಒಂದೇ ಕಡೆ ಮುಟ್ಟುವಂತೆ. ಇಷ್ಟು ನೋಡದೆ 'ಕುಲಾಂತರಿ' ಅಂತ ಬರೆಯಬೇಡಿ. ಪ್ರೈಮರ್ (ಪಿಸಿಆರ್ ಎಲ್ಲಿಂದ ಶುರುವಾಗಬೇಕೆಂದು ಗುರುತಿಸುವ ಚಿಕ್ಕ ಡಿಎನ್‌ಎ ತುಣುಕು) ತರಿಸುವ ಮೊದಲು ಪ್ರೈಮರ್-ಬ್ಲಾಸ್ಟ್‌ನಲ್ಲಿ ಬದನೆ ಜೀನೋಮ್ ಮೇಲೆ ಓಡಿಸಿ ನೋಡಿ, ಸುಮ್ನೆ ಬೇರೆ ಕಡೆ ಅಂಟುವುದು ಬೇಡ.

5. ವರದಿಯಲ್ಲಿ ಅಕ್ಸೆಷನ್ ಸಂಖ್ಯೆ (ಡೇಟಾಬೇಸಿನಲ್ಲಿ ಆ ದಾಖಲೆಯ ಗುರುತಿನ ಸಂಖ್ಯೆ), ಹುಡುಕಿದ ದಿನಾಂಕ ಎರಡನ್ನೂ ಬರೆಯಿರಿ. ಡೇಟಾಬೇಸ್ ದಿನಾ ಬೆಳೆಯುತ್ತದೆ. ಹೊರಗಿನ ಜೀನ್ ಸೇರಿಸದೆ ಜೀನ್ ಎಡಿಟ್ ಮಾಡಿದ ತಳಿಗೆ ಈ ಯಾವ ಹಂತವೂ ನಡೆಯುವುದಿಲ್ಲ. ಅಲ್ಲಿ ಹುಡುಕಲು 35ಎಸ್ಸೂ ಇರುವುದಿಲ್ಲ, ನಾಸೂ ಇರುವುದಿಲ್ಲ.